ಬಡಾವಣೆ ಹುಟ್ಟಿದ ಕಥೆ ಕೇಳಿ, ಆಮೇಲೆ ಮನೆ ಮಾಡಿ

ಮಗಳಿಗೆ ತುಮಕೂರಿನಲ್ಲಿ ಡಿಗ್ರಿ ಸೀಟು ಸಿಕ್ಕಿತು, ಮಗನಿಗೆ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ ಆಯಿತು ಅಂದ ತಕ್ಷಣ ನಮ್ಮ ಹಳ್ಳಿ ಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: ‘ತುಮಕೂರಲ್ಲಿ ಎಲ್ಲಿ ಮನೆ ಮಾಡೋದು?’ ಒಬ್ಬರು ಎಸ್‌ಐಟಿ ಹತ್ತಿರ ಮಾಡಿ ಅಂತಾರೆ. ಇನ್ನೊಬ್ಬರು ಕ್ಯಾತಸಂದ್ರವೇ ವಾಸಿ ಅಂತಾರೆ. ಮೂರನೆಯವರು ಊರಾಚೆ ಹೋದರೆ ಬಾಡಿಗೆ ಕಡಿಮೆ ಅಂತಾರೆ.

ಅದೇ ತುಮಕೂರಿನಲ್ಲಿ ಹತ್ತು ವರ್ಷ ಬಾಳಿದ ಇಬ್ಬರನ್ನು ಕೇಳಿ ನೋಡಿ. ಒಬ್ಬರಿಗೆ ಅದು ನೆಮ್ಮದಿಯ ಊರು. ಬೆಳಗ್ಗೆ ವಾಕಿಂಗು, ಕೈಗೆಟುಕುವ ದೂರದಲ್ಲಿ ಶಾಲೆ, ಆಸ್ಪತ್ರೆ. ಇನ್ನೊಬ್ಬರಿಗೆ ಬರೀ ದೂಳು, ನೀರಿನ ಟ್ಯಾಂಕರು, ರಾತ್ರಿ ಎಂಟರ ಮೇಲೆ ಸಿಗದ ಆಟೋ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ಬೇರೆ ಬೇರೆ ಬಡಾವಣೆಯಲ್ಲಿದ್ದಾರೆ, ಅಷ್ಟೆ.

ಹಾಗಾದರೆ ಒಳ್ಳೆಯ ಬಡಾವಣೆ ಆರಿಸಿಕೊಂಡರೆ ಸಾಕೇ? ಇದನ್ನು ತಿಳಿಯಲು ನಾವು ತುಮಕೂರು, ಗುಬ್ಬಿ, ಕುಣಿಗಲ್ಲಿನ ಹಿಂದಿನ ನೂರಿಪ್ಪತ್ತು ಮೂವತ್ತು ವರ್ಷದ ಕಥೆಯನ್ನು ಕೆದಕಿದೆವು. ನಮಗೆ ಕಂಡದ್ದು ಇದು: ಒಂದು ಬಡಾವಣೆಯನ್ನು ಯಾರು, ಯಾರಿಗಾಗಿ, ಯಾವ ಜಾಗದ ಮೇಲೆ ಮಾಡಿದರೋ ಅದರ ಮೇಲೆಯೇ ಅಲ್ಲಿಯವರ ಸುಖದುಃಖ ಬಹುಪಾಲು ನಿಂತಿದೆ. ಮನೆ ಹುಡುಕುವವರು ಆರಿಸುವುದು ಆಮೇಲಿನ ಮಾತು.

ಹೊರಪೇಟೆ ನಡುವೂರಾದದ್ದು

ಈಗಿನ ತುಮಕೂರು ಪಟ್ಟಣಕ್ಕೆ ಬುನಾದಿ ಹಾಕಿದವರು ಮೈಸೂರು ಅರಸು ಮನೆತನದವರೊಬ್ಬರು ಎಂದು ಹಳೆಯ ಗೆಜೆಟಿಯರ್‌ಗಳು ಹೇಳುತ್ತವೆ. 1901ರ ಜನಗಣತಿಯ ಹೊತ್ತಿಗೆ ಇಲ್ಲಿದ್ದವರು 12 ಸಾವಿರದಷ್ಟು ಜನ. 2011ರಲ್ಲಿ ಆ ಲೆಕ್ಕ 3 ಲಕ್ಷ ದಾಟಿತು. 110 ವರ್ಷದಲ್ಲಿ ಊರು 25 ಪಟ್ಟು ಬೆಳೆಯಿತು.

ಆ 12 ಸಾವಿರದ ಊರಿನಲ್ಲಿ ‘ಎಲ್ಲಿ ಮನೆ ಮಾಡೋಣ’ ಎಂಬ ಪ್ರಶ್ನೆ ಹೆಚ್ಚಿನವರಿಗೆ ಇರಲಿಲ್ಲ. ಕುಲ, ಕಸುಬು ಯಾವುದೋ ಕೇರಿ ಅದು. ಮಂಡಿಪೇಟೆ ಅಂದರೆ ದವಸಧಾನ್ಯದ ಸಗಟು ವ್ಯಾಪಾರದ ಜಾಗ. ಮುಂದೆ ಅಂಗಡಿ, ಹಿಂದೆಯೋ ಮೇಲೆಯೋ ಮನೆ. ಪೇಟೆಯವರಿಗೆ ಒಂದು ಸುಖವಿತ್ತು: ದೇವಸ್ಥಾನ, ಬಾವಿ, ಸಂತೆ, ನೆಂಟರ ಮನೆ ಎಲ್ಲಕ್ಕೂ ಕಾಲ್ನಡಿಗೆ ಸಾಕಿತ್ತು. ಇಂದಿಗೂ ಚಿಕ್ಕಪೇಟೆಯ ಗಲ್ಲಿಗಳಲ್ಲಿ ಕಾರು ತಿರುಗಿಸಲು ಒದ್ದಾಡಬೇಕು, ಆದರೆ ಸೂಜಿಯಿಂದ ಹಿಡಿದು ಮದುವೆ ಸೀರೆಯವರೆಗೆ ನಡೆದೇ ತರಬಹುದು. ಆ ಸುಖ ಎಲ್ಲರಿಗೂ ಇರಲಿಲ್ಲ. ಊರ ಕೊಳೆ ತೆಗೆದವರು, ಚರ್ಮ ಹದ ಮಾಡಿದವರು ಅದೇ ಪೇಟೆಯ ಕೆಲಸ ಮಾಡಿ ಸಂಜೆ ಊರಾಚೆಯ ಕೇರಿಗೆ ಹೋಗಬೇಕಿತ್ತು.

‘ಹೊರಪೇಟೆ’ ಎಂಬ ಹೆಸರನ್ನೇ ನೋಡಿ. ಹೆಸರು ಇಟ್ಟ ಕಾಲಕ್ಕೆ ಅದು ಪೇಟೆಯ ಹೊರಗಿತ್ತು. ಇವತ್ತು ಅದು ನಡುವೂರು. ನಿನ್ನೆ ಹೊರಗೆ ಅನ್ನಿಸಿದ ಜಾಗ ನಾಳೆ ಒಳಗಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ. ನಿವೇಶನ ಮಾರುವವರು ಇದೇ ಮಾತನ್ನು ಹೇಳಿ ಮಾರುತ್ತಾರೆ. ಆದರೆ ಒಳಗಾಗಲು ಎಷ್ಟು ವರ್ಷ ಬೇಕು, ಆ ವರ್ಷಗಳಲ್ಲಿ ಅಲ್ಲಿದ್ದವರ ಪಾಡೇನು ಎಂಬುದನ್ನು ಅವರು ಹೇಳುವುದಿಲ್ಲ.

ಪ್ಲೇಗು ಕಲಿಸಿದ ಪಾಠ

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಥೆಯನ್ನು ನಮ್ಮ ಕಡೆಯ ಹಿರಿಯರು ಅವರ ಹಿರಿಯರಿಂದ ಕೇಳಿದ್ದಾರೆ. ಕಿಕ್ಕಿರಿದ ಪೇಟೆಯೇ ರೋಗದ ಮನೆ ಎಂದು ಸರ್ಕಾರಕ್ಕೆ ಅನ್ನಿಸಿತು. ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು ಆಗಲೇ: ಅಗಲ ರಸ್ತೆ, ಮನೆ ಸುತ್ತ ಜಾಗ, ಚರಂಡಿ, ಮರ. ಇದನ್ನು ‘ಎಕ್ಸ್‌ಟೆನ್ಷನ್’ ಅಂದರು. ಬಡಾವಣೆ ಅಂದರೂ ಅದೇ ಅರ್ಥ, ಊರನ್ನು ಹಿಗ್ಗಿಸಿದ ಜಾಗ. ಮೈಸೂರು ಸಂಸ್ಥಾನದ ಉಳಿದ ಊರುಗಳಿಗೂ ಈ ಅಳತೆಯೇ ಮಾದರಿಯಾಯಿತು.

ಅಂದರೆ ‘ಒಳ್ಳೆಯ ಏರಿಯಾ’ ಎಂದು ನಾವು ಇವತ್ತು ಹೇಳುವ ಲಕ್ಷಣಗಳೆಲ್ಲ ಒಂದು ಸಾವಿನ ಭಯದಿಂದ ಹುಟ್ಟಿದವು. ಆರೋಗ್ಯಕ್ಕಾಗಿ ಮಾಡಿದ ಯೋಜನೆ ಕ್ರಮೇಣ ಅಂತಸ್ತಿನ ಗುರುತಾಯಿತು. ನಿವೇಶನ ಕೊಳ್ಳಲು ಕಾಸು ಇದ್ದವರು, ಸರ್ಕಾರಿ ಕೆಲಸದವರು, ವಕೀಲರು ಅಲ್ಲಿಗೆ ಹೋದರು. ಉಳಿದವರು ಪೇಟೆಯಲ್ಲೇ ಉಳಿದರು.

ಕಾಲೇಜು, ಮಠ ಹುಟ್ಟಿಸಿದ ಬೀದಿಗಳು

1963ರಲ್ಲಿ ಸಿದ್ಧಗಂಗಾ ತಾಂತ್ರಿಕ ಕಾಲೇಜು ಆರಂಭವಾಯಿತು. ಬಿ.ಎಚ್. ರಸ್ತೆಯ ಎಸ್‌ಐಟಿ ಸುತ್ತಲಿನ ಬೀದಿಗಳು ಹುಡುಗರ ರೂಮು, ಪಿಜಿ, ಮೆಸ್ಸು, ಜೆರಾಕ್ಸ್ ಅಂಗಡಿ ಎಂದು ಬೆಳೆದವು. 2004ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಬಂತು. ಓದುವ ಮಕ್ಕಳಿಗಾಗಿ ಬೆಳೆದ ಬೀದಿಯಲ್ಲಿ ರಾತ್ರಿ ಹತ್ತಕ್ಕೂ ದೀಪ ಇರುತ್ತದೆ, ಹೆಣ್ಣುಮಕ್ಕಳು ನಡೆದು ಬರುತ್ತಾರೆ. ಆದರೆ ವಯಸ್ಸಾದವರಿಗೆ ಅಲ್ಲಿ ಗದ್ದಲ ಹೆಚ್ಚು, ಬಾಡಿಗೆಯೂ ಹೆಚ್ಚು.

ಕ್ಯಾತಸಂದ್ರದ ಕಥೆ ಬೇರೆ. ಅದನ್ನು ಬೆಳೆಸಿದ್ದು ಪಕ್ಕದ ಸಿದ್ಧಗಂಗಾ ಮಠ, ಹೆದ್ದಾರಿ ಮತ್ತು ರೈಲು. ಶಿವರಾತ್ರಿ ಹೊತ್ತಿನ ಜಾತ್ರೆಗೆ ದನ ಕಟ್ಟಲು ಬಂದ ರೈತರು, ಮಠದಲ್ಲಿ ಓದುವ ಮಕ್ಕಳನ್ನು ನೋಡಲು ಬಂದ ಹೆತ್ತವರು, ರೈಲಿಗೆ ಕಾಯುವವರು, ಇವರೆಲ್ಲರ ಹಸಿವಿಗೆ ತಟ್ಟೆ ಇಡ್ಲಿ ಹೋಟೆಲುಗಳು ಹುಟ್ಟಿದವು. ಹೋಗಿ ಬರುವವರಿಗಾಗಿ ಬೆಳೆದ ಜಾಗವಾದ್ದರಿಂದ ಅಲ್ಲಿ ಹೊಸಬರನ್ನು ವಿಚಿತ್ರವಾಗಿ ನೋಡುವವರಿಲ್ಲ. ಹಳ್ಳಿಯಿಂದ ಹೊಸದಾಗಿ ಬಂದವರಿಗೆ ಇದು ಸಣ್ಣ ಮಾತಲ್ಲ.

ಹೆಸರಿನಲ್ಲಿ ಉಳಿದ ಕೆರೆ

ತುಮಕೂರು 2010ರಲ್ಲಿ ಮಹಾನಗರ ಪಾಲಿಕೆಯಾಯಿತು. ಅಷ್ಟರೊಳಗೆ ಸುತ್ತಲಿನ ಹಳ್ಳಿಗಳ ಮೇಲೆ ಊರು ಹಬ್ಬಿತ್ತು. ಉಪ್ಪಾರಹಳ್ಳಿ, ಶೆಟ್ಟಿಹಳ್ಳಿ, ಮರಳೂರು, ಬಟವಾಡಿ, ಅಂತರಸನಹಳ್ಳಿ ಇವೆಲ್ಲ ಹೊಲ, ಕಣ, ಗುಂಡುತೋಪು ಇದ್ದ ಊರುಗಳು.

ಕ್ಯಾತಸಂದ್ರ, ಭೀಮಸಂದ್ರ ಎಂಬ ಹೆಸರುಗಳಲ್ಲಿ ಇರುವ ‘ಸಂದ್ರ’ ಅಂದರೆ ‘ಸಮುದ್ರ’. ನಮ್ಮ ಹಿರಿಯರು ದೊಡ್ಡ ಕೆರೆಗೆ ಹಾಗೆ ಕರೆಯುತ್ತಿದ್ದರು. ಹೆಗ್ಗೆರೆ ಅಂದರೆ ದೊಡ್ಡ ಕೆರೆ. ಊರ ಹೆಸರಿನಲ್ಲಿ ಸಂದ್ರ, ಕೆರೆ, ಕಟ್ಟೆ ಇದ್ದರೆ ಅಲ್ಲಿ ಎಂದೋ ಒಮ್ಮೆ ನೀರು ನಿಂತಿತ್ತು ಎಂದು ತಿಳಿಯಬೇಕು. ನೀರು ತನ್ನ ದಾರಿಯನ್ನು ಮರೆಯುವುದಿಲ್ಲ. ಬೆಂಗಳೂರಿನಲ್ಲಿ ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಬಸ್ ನಿಲ್ದಾಣ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಬಂದವು. ಹಾಗೆಯೇ ರಾಜಕಾಲುವೆ, ಕೆರೆಯಂಗಳದ ಮೇಲೆ ಎದ್ದ ಬಡಾವಣೆ ಯಾವ ಊರಿನಲ್ಲೇ ಇರಲಿ, ಜೋರು ಮಳೆ ಬಿದ್ದ ರಾತ್ರಿ ಅಲ್ಲಿಯವರು ನಿದ್ದೆಗೆಡಬೇಕು.

ಇದಕ್ಕೆ ವಿರುದ್ಧವಾದ ಕಷ್ಟವೂ ಇದೆ. ತುಮಕೂರಿಗೆ ಈಗ ಕುಡಿಯುವ ನೀರು ಬರುವುದು ಹೇಮಾವತಿ ನಾಲೆಯಿಂದ, ಬುಗುಡನಹಳ್ಳಿ ಕೆರೆಯ ಮೂಲಕ. ಪೈಪು ಮೊದಲು ಮುಟ್ಟಿದ್ದು ಹಳೆಯ ಬಡಾವಣೆಗಳಿಗೆ. ಅನುಮತಿ ಇಲ್ಲದೆ ಹೊಲದಲ್ಲಿ ಕಲ್ಲು ನೆಟ್ಟು ಮಾರಿದ ‘ರೆವಿನ್ಯೂ ಸೈಟು’ಗಳಿಗೆ ಕೊನೆಗೆ. ಅಲ್ಲಿ ಮನೆ ಕಟ್ಟಿದವರು ವರ್ಷಗಟ್ಟಲೆ ಬೋರ್‌ವೆಲ್ಲು, ಟ್ಯಾಂಕರು ನಂಬಬೇಕು. ಖಾತೆಗೂ ಅಲೆಯಬೇಕು, ಬ್ಯಾಂಕ್ ಸಾಲಕ್ಕೂ ಅಲೆಯಬೇಕು.

ಗುಬ್ಬಿಯ ಮುಖ, ಕುಣಿಗಲ್ಲಿನ ಮುಖ

ನಗರದಲ್ಲಿ ಮನೆ ಮಾಡದೆ ನಮ್ಮ ಊರಿಂದಲೇ ಓಡಾಡಿದರೆ ಹೇಗೆ ಎಂದು ಕೇಳುವವರೂ ಬಹಳ. ಅದೂ ಒಂದು ಆಯ್ಕೆಯೇ. ಅದರ ಉತ್ತರವೂ ಇತಿಹಾಸದಲ್ಲಿದೆ.

1884ರಲ್ಲಿ ಬೆಂಗಳೂರಿನಿಂದ ತುಮಕೂರು, ಗುಬ್ಬಿಯ ಕಡೆಗೆ ರೈಲು ಬಂತು. 1889ರ ಹೊತ್ತಿಗೆ ಅದು ಹರಿಹರದವರೆಗೆ ಹೋಯಿತು. ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದೂ ಅದೇ 1884ರಲ್ಲಿ. ಮುಂದೆ ಗುಬ್ಬಿ ವೀರಣ್ಣನವರು ಅದನ್ನು ನಾಡಿಗೆಲ್ಲ ಹೆಸರಾಗುವಂತೆ ನಡೆಸಿದರು. ತೆಂಗು, ಅಡಿಕೆ ವ್ಯಾಪಾರದ ಈ ಸಣ್ಣ ಪೇಟೆಗೆ ಹೊರಜಗತ್ತು ದೂರ ಅನ್ನಿಸಲಿಲ್ಲ. ತುಮಕೂರು ಇಲ್ಲಿಂದ 20 ಕಿ.ಮೀ. ಗುಬ್ಬಿಯ ಹುಡುಗಿ ಬೆಳಗ್ಗೆ ಮನೆಯಲ್ಲಿ ಮುದ್ದೆ ಉಂಡು ತುಮಕೂರಿನಲ್ಲಿ ಓದಿ ಸಂಜೆಗೆ ವಾಪಸ್ ಬರಬಲ್ಲಳು. 2023ರ ಫೆಬ್ರುವರಿಯಲ್ಲಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದ ಮೇಲೆ ಗುಬ್ಬಿಯಲ್ಲೂ ‘ಲೇಔಟ್’ ಫಲಕಗಳು ಏಳುತ್ತಿವೆ.

ಕುಣಿಗಲ್ಲಿಗೆ ರೈಲು ಬಂದದ್ದು 2017ರ ಮಾರ್ಚಿನಲ್ಲಿ, ಬೆಂಗಳೂರು–ಹಾಸನ ಮಾರ್ಗ ಪೂರ್ತಿಯಾದಾಗ. ಗುಬ್ಬಿಗಿಂತ 133 ವರ್ಷ ತಡ. ಆ ರೈಲು ತುಮಕೂರಿಗೆ ಹೋಗುವುದಿಲ್ಲ, ನೆಲಮಂಗಲದ ಮೇಲೆ ಬೆಂಗಳೂರಿಗೆ ಹೋಗುತ್ತದೆ. ಮಂಗಳೂರು ಹೆದ್ದಾರಿಯೂ ಹಾಗೆಯೇ. ಜಾನಪದ ಹಾಡಿನಲ್ಲಿ ಹೆಸರಾದ ದೊಡ್ಡ ಕೆರೆ, ಹೈದರ್–ಟಿಪ್ಪು ಕಾಲದ ಕುದುರೆ ಫಾರಂ ಇರುವ ಈ ಊರು ಕಾಗದದ ಮೇಲೆ ತುಮಕೂರು ಜಿಲ್ಲೆಯದು. ಕಚೇರಿ ಕೆಲಸಕ್ಕೆ ತುಮಕೂರು, ದುಡಿಮೆಗೆ ಬೆಂಗಳೂರು. ಕುಣಿಗಲ್ಲಿನವರಿಗೆ ತುಮಕೂರು ‘ನಮ್ಮ ಸಿಟಿ’ ಅನ್ನಿಸದಿದ್ದರೆ ಅದು ಅವರ ತಪ್ಪಲ್ಲ. ದಾರಿ ಯಾವ ಕಡೆಗೆ ಮುಖ ಮಾಡಿದೆಯೋ ಮನಸ್ಸೂ ಆ ಕಡೆಗೆ ಹೋಗುತ್ತದೆ.

ಚೀಟಿ ಎತ್ತಿ ನೋಡಿದ ಪರೀಕ್ಷೆ

ಜಾಗ ಬದಲಾದರೆ ಬದುಕು ಬದಲಾಗುತ್ತದೆಯೇ ಎಂದು ಅಮೆರಿಕದಲ್ಲಿ ಒಮ್ಮೆ ಪರೀಕ್ಷೆಯನ್ನೇ ಮಾಡಿದರು. 1994ರಿಂದ 1998ರವರೆಗೆ ನ್ಯೂಯಾರ್ಕ್, ಶಿಕಾಗೊ ಸೇರಿ ಐದು ನಗರಗಳಲ್ಲಿ ಕಡುಬಡವರ ಕೇರಿಗಳ ಸುಮಾರು 4,600 ಕುಟುಂಬಗಳ ನಡುವೆ ಚೀಟಿ ಎತ್ತಿದರು. ಚೀಟಿ ಬಂದವರಲ್ಲಿ ಒಂದು ಗುಂಪಿಗೆ ಬಡತನ ಕಡಿಮೆ ಇರುವ ಕಡೆ ಮನೆ ಮಾಡಲು ಬಾಡಿಗೆಯ ನೆರವು ಸಿಕ್ಕಿತು. ಹತ್ತು ಹದಿನೈದು ವರ್ಷದ ಮೇಲೆ ನೋಡಿದಾಗ ದೊಡ್ಡವರ ಸಂಪಾದನೆ ಹೆಚ್ಚಿರಲಿಲ್ಲ. ಆದರೆ ಅವರು ಮೊದಲಿಗಿಂತ ನೆಮ್ಮದಿಯಾಗಿದ್ದರು. ಹದಿಮೂರು ವರ್ಷ ತುಂಬುವ ಮೊದಲೇ ಜಾಗ ಬದಲಿಸಿದ ಮಕ್ಕಳು ದೊಡ್ಡವರಾದ ಮೇಲೆ ಹೆಚ್ಚು ಸಂಪಾದಿಸಿದರು.

ಅಂದರೆ ನೆರೆಹೊರೆ ಮುಖ್ಯ, ಅದರಲ್ಲೂ ಮಕ್ಕಳಿಗೆ. ಆದರೆ ಆ ಕುಟುಂಬಗಳಿಗೆ ಚೀಟಿ ಬರುವವರೆಗೆ ಬೇರೆ ದಾರಿ ಇರಲಿಲ್ಲ ಎಂಬುದನ್ನೂ ಮರೆಯಬಾರದು.

ಬಾಗಿಲಲ್ಲಿ ಕೇಳುವ ಪ್ರಶ್ನೆ

ನಮ್ಮಲ್ಲಿ ಕಾಸು ಇದ್ದರೂ ಆಯ್ಕೆ ಇಲ್ಲದವರಿದ್ದಾರೆ. ‘ಟು ಲೆಟ್’ ಬೋರ್ಡು ನೋಡಿ ಬಾಗಿಲು ತಟ್ಟಿದರೆ ಮೊದಲು ಊರು ಕೇಳುತ್ತಾರೆ, ಆಮೇಲೆ ಅಪ್ಪನ ಹೆಸರು, ಆಮೇಲೆ ‘ನೀವು ಯಾವ ಪೈಕಿ?’ ಮಾಂಸ ತಿನ್ನುತ್ತೀರಾ ಎಂಬ ಪ್ರಶ್ನೆಯೂ ಅದೇ ಪ್ರಶ್ನೆಯ ಇನ್ನೊಂದು ವೇಷ. ದಲಿತ ಮತ್ತು ಮುಸ್ಲಿಂ ಕುಟುಂಬಗಳು ತುಮಕೂರಿನಲ್ಲೂ ಈ ಬಾಗಿಲಿನಿಂದ ವಾಪಸ್ ಬಂದಿವೆ. ‘ಆಗಲೇ ಬೇರೆಯವರು ಅಡ್ವಾನ್ಸ್ ಕೊಟ್ಟಿದ್ದಾರೆ’ ಎಂಬ ಉತ್ತರ ಕೇಳಿ ಕೇಳಿ ಕೊನೆಗೆ ತಮ್ಮವರೇ ಇರುವ ಬೀದಿಗೆ ಹೋಗುತ್ತಾರೆ. ಹೊರಗಿನವರು ‘ಅವರು ಅವರ ಪಾಡಿಗೆ ಒಟ್ಟಿಗೆ ಇರೋಕೆ ಇಷ್ಟಪಡ್ತಾರೆ’ ಅಂತಾರೆ. ಹಳೆಯ ಪೇಟೆಯಲ್ಲಿ ಕುಲ ನೋಡಿ ಕೇರಿ ಹಂಚುತ್ತಿದ್ದರು. ಇವತ್ತು ಆ ಕೆಲಸವನ್ನು ಬಾಗಿಲ ಬಳಿಯ ಎರಡು ನಿಮಿಷದ ಮಾತು ಮಾಡುತ್ತಿದೆ.

ಹೋಗುವ ಮೊದಲು ಕೇಳಬೇಕಾದ್ದು

ಮನೆಯನ್ನೋ ಸೈಟನ್ನೋ ನೋಡಲು ಹೋದಾಗ ಬಡಾವಣೆಯ ಹೆಸರು, ಕಮಾನು, ಬಣ್ಣದ ಬ್ರೋಷರು ನೋಡಬೇಡಿ. ಅಲ್ಲಿಯ ಹಳೆಯ ಅಂಗಡಿಯವರನ್ನು, ಹಾಲು ಹಾಕುವವರನ್ನು ಕೇಳಿ. ಇಲ್ಲಿ ಮೊದಲು ಏನಿತ್ತು: ಹೊಲವೋ, ತೋಟವೋ, ಕೆರೆಯಂಗಳವೋ? ಭೂಪರಿವರ್ತನೆ ಆಗಿದೆಯೇ, ಟೂಡಾ ಅನುಮೋದನೆ ಇದೆಯೇ? ನಲ್ಲಿ ನೀರು ವಾರಕ್ಕೆ ಎಷ್ಟು ಸಲ? ರೈಲು ಹಳಿ ದಾಟಬೇಕೇ, ಮಳೆಗಾಲದಲ್ಲಿ ಕೆಳಸೇತುವೆಯಲ್ಲಿ ನೀರು ನಿಂತರೆ ಬೇರೆ ದಾರಿ ಯಾವುದು? ಕೊನೆಯ ಬಸ್ಸು ಎಷ್ಟು ಹೊತ್ತಿಗೆ? ಹೆಣ್ಣುಮಗಳು ಒಬ್ಬಳೇ ನಡೆದು ಬರಬಹುದೇ?

ಇನ್ನೊಂದನ್ನು ನಾವು ಒತ್ತಿ ಹೇಳಬೇಕು. 2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಅಮಾನಿಕೆರೆ, ಮಹಾತ್ಮ ಗಾಂಧಿ ಕ್ರೀಡಾಂಗಣ, ನಗರದ ನಡುವಿನ ರಸ್ತೆಗಳಿಗೆ ಹಣ ಬಂತು. ಇವು ಎಲ್ಲ ಬಡಾವಣೆಯವರ ಸ್ವತ್ತು. ಮರಳೂರಿನವರೂ ಬಟವಾಡಿಯವರೂ ಭಾನುವಾರ ಮಕ್ಕಳನ್ನು ಕರೆದುಕೊಂಡು ಹತ್ತು ಹದಿನೈದು ರೂಪಾಯಿಯ ಬಸ್ಸಿನಲ್ಲಿ ಅಮಾನಿಕೆರೆಗೆ ಹೋಗಿ ಬರುವಂತಾದರೆ, ಮನೆ ಎಲ್ಲಿದೆ ಎಂಬುದರ ಭಾರ ಅರ್ಧ ಇಳಿಯುತ್ತದೆ. ಬಸ್ಸೇ ಬರದಿದ್ದರೆ ಅವರ ಪಾಲಿಗೆ ತುಮಕೂರು ಅಂದರೆ ಅವರ ಬೀದಿ ಮಾತ್ರ. ಒಳ್ಳೆಯ ಬಡಾವಣೆ ಹುಡುಕುವುದು ಒಂದೊಂದು ಮನೆಯ ಕೆಲಸ. ಎಲ್ಲ ಬಡಾವಣೆಗೂ ನೀರು, ಬಸ್ಸು, ದೀಪ ಕೇಳುವುದು ನಾವೆಲ್ಲ ಸೇರಿ ಮಾಡಬೇಕಾದ ಕೆಲಸ. ವಾರ್ಡಿನ ಓಟು ಕೇಳಲು ಬಂದವರ ಮುಂದೆ ಇಡಬೇಕಾದ ಪಟ್ಟಿಯೂ ಅದೇ.

ನಿಮ್ಮ ಊರ ಪಕ್ಕದ ಹೊಸ ಲೇಔಟ್ ಮೊದಲು ಏನಾಗಿತ್ತು ಎಂದು ಮನೆಯ ಹಿರಿಯರನ್ನು ಕೇಳಿ, ನಮಗೂ ಬರೆದು ಕಳಿಸಿ. ಕೆರೆ, ಕಾಲುವೆ, ಗುಂಡುತೋಪಿನ ಹೆಸರು ಗೊತ್ತಿರುವ ತಲೆಮಾರು ಇನ್ನೂ ನಮ್ಮ ನಡುವೆ ಇದೆ.