ಗೋರಿಯಿಲ್ಲದ ನಾವಿಕ

ನೆಲದ ಮೇಲೆ ಸತ್ತವನಿಗೆ ಬಂಧುಗಳು ಹಿಡಿ ಮಣ್ಣು ಹಾಕುತ್ತಾರೆ. ವರ್ಷಗಳ ನಂತರ ಮೊಮ್ಮಕ್ಕಳು ಬಂದರೂ ನಿಲ್ಲಲು ಒಂದು ಜಾಗವಿರುತ್ತದೆ. ಯುದ್ಧದಲ್ಲಿ ಹಡಗಿನೊಂದಿಗೆ ಮುಳುಗಿದವನಿಗೆ ಅದೂ ಇಲ್ಲ. ಅವನು ಉಳಿಯುವುದು ಯಾರಾದರೂ ಬರೆದಿಟ್ಟ ಹೆಸರಿನಲ್ಲಿ ಮಾತ್ರ.

ತಮ್ಮವರ ಹೆಸರುಗಳನ್ನು ಜತನದಿಂದ ಬರೆದಿಟ್ಟವರು ಇಂಗ್ಲೆಂಡಿನ ಫ್ರೀಮೇಸನರು. ಲಾಡ್ಜುಗಳಲ್ಲಿ ಬಾಗಿಲು ಮುಚ್ಚಿ ಸಭೆ ಸೇರುವ, ಪರಸ್ಪರ 'ಸಹೋದರ' ಎಂದು ಕರೆದುಕೊಳ್ಳುವ ಈ ಬಳಗ, ಮೊದಲ ಮಹಾಯುದ್ಧದಲ್ಲಿ ಮಡಿದ ಸದಸ್ಯರ ನೆನಪಿಗೆ ಲಂಡನ್ನಿನಲ್ಲಿ ಭವ್ಯ ಕಟ್ಟಡವೊಂದನ್ನು ಕಟ್ಟಿಸಿತು. 1927ರಲ್ಲಿ ಆರಂಭವಾದ ಕೆಲಸ ಮುಗಿದದ್ದು 1933ರಲ್ಲಿ. ಅಲ್ಲಿಯ ಕಂಚಿನ ಪೆಟ್ಟಿಗೆಯಲ್ಲಿ 3,225 ಹೆಸರುಗಳ ಸುರುಳಿಯಿದೆ. ಪೆಟ್ಟಿಗೆಯನ್ನು ಹೊತ್ತಿರುವುದು ಜೊಂಡಿನ ನಡುವೆ ನಿಂತ ದೋಣಿ. ಪಯಣ ಮುಗಿಯಿತೆಂಬುದಕ್ಕೆ ಸಂಕೇತ. ಮೂಲೆಯಲ್ಲಿ ಸೈನಿಕನಂತೆ ನಾವಿಕನ ಪ್ರತಿಮೆಯೂ ಇದೆ. ಕಡಲಿನಿಂದ ಮರಳದ ಸಹೋದರನಿಗೆ ಅದೇ ದಡ. ಆ ಕಟ್ಟಡಕ್ಕೆ ಇಟ್ಟ ಹೆಸರು 'ಶಾಂತಿ ಸ್ಮಾರಕ'. 1939ರಲ್ಲಿ ಮತ್ತೆ ಯುದ್ಧ ಬಂದಾಗ ಆ ಹೆಸರನ್ನೇ ಕೈಬಿಡಲಾಯಿತು.

ಕಡಲುಪಾಲಾದ ಫ್ರೀಮೇಸನರಲ್ಲಿ ನಮಗೆ ಪರಿಚಿತ ಹೆಸರು ಲಾರ್ಡ್ ಕಿಚನರ್. ನಾವಿಕನಲ್ಲ, ಸೇನಾನಿ, 1902ರಿಂದ 1909ರವರೆಗೆ ಭಾರತದ ಸೇನೆಯ ದಂಡನಾಯಕ. ರಷ್ಯಾಕ್ಕೆ ಹೊರಟಿದ್ದ ಆತನ ಹಡಗು ಹ್ಯಾಂಪ್‌ಶೈರ್, 1916ರ ಜೂನ್ 5ರಂದು ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳ ಬಳಿ ಜರ್ಮನರು ನೀರಿನಲ್ಲಿ ಹುದುಗಿಸಿದ್ದ ಸ್ಫೋಟಕಕ್ಕೆ ಬಡಿದು ಮುಳುಗಿತು. ಸತ್ತವರು 737 ಮಂದಿ, ಬದುಕಿದವರು ಹನ್ನೆರಡೇ ಜನ. 1926ರಲ್ಲಿ ದಡದ ಬಂಡೆಯ ಮೇಲೆ ಎದ್ದ ಗೋಪುರದಲ್ಲಿ ಕಿಚನರನ ಹೆಸರಿತ್ತು. ಉಳಿದವರಿಗೆ ಹೆಸರಿಲ್ಲದ ಒಂದು ವಾಕ್ಯ. ಅವರೆಲ್ಲರ ಹೆಸರುಗಳು ಪಕ್ಕದ ಗೋಡೆಯ ಮೇಲೆ ಬಂದದ್ದು 2016ರಲ್ಲಿ, ನೂರು ವರ್ಷಗಳಾದ ಮೇಲೆ.

ಅದೇ ಯುದ್ಧದಲ್ಲಿ ಬ್ರಿಟಿಷ್ ವ್ಯಾಪಾರಿ ಹಡಗುಗಳ ಒಡಲಲ್ಲಿ ಕಲ್ಲಿದ್ದಲು ಹಾಕುತ್ತ ಮುಳುಗಿದ ನಮ್ಮ ಖಲಾಸಿಗಳಿದ್ದರು. ಕೊಂಕಣದವರು, ಸಿಲ್ಹೆಟ್ಟಿನವರು, ಮುಸ್ಲಿಮರೇ ಬಹಳ. ಲಂಡನ್ನಿನ ಟವರ್ ಹಿಲ್‌ನಲ್ಲಿರುವ ವ್ಯಾಪಾರಿ ನಾವಿಕರ ಸ್ಮಾರಕದಲ್ಲಿ ಅವರಿಗೆ ಜಾಗ ದೊರೆಯಲಿಲ್ಲ. ಮುಂಬಯಿಯ ಮಸೀದಿ ಬಂದರಿನಲ್ಲಿರುವ ಸ್ಮಾರಕ ಎರಡು ಸಾವಿರಕ್ಕೂ ಹೆಚ್ಚು ಮಂದಿಯನ್ನು ನೆನೆಯುತ್ತದೆ. ದಿನವೂ ಆ ದಾರಿಯಲ್ಲಿ ಓಡಾಡುವವರಲ್ಲಿ ಎಷ್ಟು ಮಂದಿ ಅದನ್ನು ನೋಡಿದ್ದಾರೆ?

ಫ್ರೀಮೇಸನರು ತಮ್ಮ ನಾವಿಕನನ್ನು ನೆನೆದದ್ದು ತಪ್ಪಲ್ಲ. ಅದು ನಮಗೆ ಪಾಠ. ಸಮುದ್ರ ಅಂತಸ್ತು ನೋಡಿ ಮುಳುಗಿಸಲಿಲ್ಲ, ಧರ್ಮವನ್ನೂ ಕೇಳಲಿಲ್ಲ. ಭೇದ ಮಾಡಿದ್ದು ದಡದಲ್ಲಿ ಕುಳಿತು ಹೆಸರು ಬರೆದವರು.