ಸಣ್ಣ ಉದ್ದಿಮೆಗಳ ಪೂರೈಕೆ ಸರಪಳಿಯಲ್ಲಿ ಡಿಜಿಟಲ್ ತಂತ್ರಜ್ಞಾನ: ಸಿಂಧನೂರು, ಲಿಂಗಸುಗೂರು, ಮಸ್ಕಿ

ರಾಯಚೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಪೂರೈಕೆ ಸರಪಳಿ ಎಂದರೆ ಮುಖ್ಯವಾಗಿ ಕೃಷಿ ಸರಕಿನ ದಾರಿ: ರೈತನ ಕಣದಿಂದ ಅಡತಿ ಅಂಗಡಿಗೆ, ಅಲ್ಲಿಂದ ರೈಸ್ ಮಿಲ್ಲಿಗೋ ಜಿನ್ನಿಂಗ್ ಕಾರ್ಖಾನೆಗೋ, ಕೊನೆಗೆ ಪರಊರಿನ ಸಗಟು ವ್ಯಾಪಾರಿಗೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಿಂಧನೂರನ್ನು ಭತ್ತದ ಸೀಮೆಯಾಗಿಸಿ ಅಕ್ಕಿ ಗಿರಣಿಗಳನ್ನು ಬೆಳೆಸಿತು. ಲಿಂಗಸುಗೂರು ಮತ್ತು ಒಂದು ಕಾಲಕ್ಕೆ ಅದೇ ತಾಲ್ಲೂಕಿಗೆ ಸೇರಿದ್ದ ಮಸ್ಕಿಯ ಒಣಭೂಮಿಯಲ್ಲಿ ಹತ್ತಿ, ತೊಗರಿ, ಸಜ್ಜೆ ಉಳಿದುಕೊಂಡವು. ಕಾನೂನು ಲೆಕ್ಕ ಕೇಳಿದ ಕಡೆಯಲ್ಲೆಲ್ಲ ಈ ದಾರಿಗೆ ಕಂಪ್ಯೂಟರು ಬಂದಿದೆ. ಉದ್ದರಿಯ ಕಿರ್ದಿಪುಸ್ತಕದ ಮುಂದೆ ಮಾತ್ರ ನಿಂತುಬಿಟ್ಟಿದೆ.

ಮೊದಲ ದೊಡ್ಡ ಹೆಜ್ಜೆ ರಾಜ್ಯದ 2013ರ ಕೃಷಿ ಮಾರುಕಟ್ಟೆ ನೀತಿ. ಅದರಂತೆ 2014ರ ಫೆಬ್ರುವರಿಯಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಆರಂಭವಾಯಿತು. ಎಪಿಎಂಸಿ ಪ್ರಾಂಗಣದ ಬಾಗಿಲಲ್ಲೇ ಲಾಟಿಗೆ ಸಂಖ್ಯೆ ಬೀಳುತ್ತದೆ, ಖರೀದಿದಾರರು ಕಂಪ್ಯೂಟರಿನಲ್ಲಿ ದರ ನಮೂದಿಸುತ್ತಾರೆ, ಹೆಚ್ಚು ಕೂಗಿದವನ ಹೆಸರು ಯಂತ್ರದಿಂದಲೇ ಹೊರಬೀಳುತ್ತದೆ. 2016ರ ಏಪ್ರಿಲ್‌ನಲ್ಲಿ ಕೇಂದ್ರ ಆರಂಭಿಸಿದ ರಾಷ್ಟ್ರೀಯ ಆನ್‌ಲೈನ್ ಕೃಷಿ ಮಾರುಕಟ್ಟೆ ಇ-ನಾಮ್‌ಗೆ ಕರ್ನಾಟಕದ ಈ ಪ್ರಯೋಗ ಮಾದರಿಯಾಯಿತು. ಏಕೀಕೃತ ವೇದಿಕೆಯಿಂದ ರಾಜ್ಯದಲ್ಲಿ ಭತ್ತದ ದರ ಸರಾಸರಿ ಶೇ 5.1, ಶೇಂಗಾದ ದರ ಶೇ 3.6, ಮೆಕ್ಕೆಜೋಳದ ದರ ಶೇ 3.5ರಷ್ಟು ಏರಿತೆಂದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಇದು ಸಣ್ಣ ಲಾಭವಲ್ಲ. ಆದರೆ ಲಾಭ ದಕ್ಕುವುದು ಪ್ರಾಂಗಣದೊಳಗೆ ಬಂದ ಲಾಟಿಗೆ. ಗದ್ದೆಯ ಬದುವಿನಲ್ಲೇ ಬ್ರೋಕರ್ ಮೂಲಕ ಮಿಲ್ಲಿಗೆ ಹೋದ ಚೀಲ ಯಾವ ಪರದೆಯಲ್ಲೂ ಕಾಣುವುದಿಲ್ಲ.

ಎರಡನೆಯ ಒತ್ತಡ ತೆರಿಗೆಯದು. 2017ರ ಜುಲೈ 1ರಂದು ಜಿಎಸ್‌ಟಿ ಬಂತು. ಸರಕು ಸಾಗಣೆಯ ಆನ್‌ಲೈನ್ ದಾಖಲೆಯಾದ ಇ-ವೇ ಬಿಲ್ ಅನ್ನು ಅದೇ ಸೆಪ್ಟೆಂಬರಿನಲ್ಲಿ ಎಲ್ಲ ರಾಜ್ಯಗಳಿಗಿಂತ ಮೊದಲು ಕರ್ನಾಟಕ ಅಳವಡಿಸಿಕೊಂಡಿತು. ಅದೇ ವರ್ಷದ ನವೆಂಬರಿನಿಂದ ರೈತನಿಂದ ಕೊಂಡ ಹತ್ತಿಯ ತೆರಿಗೆಯನ್ನು ನೋಂದಾಯಿತ ಖರೀದಿದಾರನೇ ಕಟ್ಟಬೇಕಾಯಿತು. ಹೀಗಾಗಿ ಹತ್ತಿ ಮೊದಲ ಖರೀದಿಯಲ್ಲೇ ಡಿಜಿಟಲ್ ಲೆಕ್ಕಕ್ಕೆ ಸೇರುತ್ತದೆ. ಬಿಡಿ ಭತ್ತಕ್ಕೆ ತೆರಿಗೆ ಇಲ್ಲ, ಅದರ ಗುರುತೂ ತೆಳು. 2022ರ ಜುಲೈ 18ರಿಂದ 25 ಕಿಲೋವರೆಗಿನ ಲೇಬಲ್ ಚೀಲದ ಅಕ್ಕಿಗೆ ಶೇ 5 ತೆರಿಗೆ ಬಿದ್ದಾಗ, ಮಾರುಕಟ್ಟೆಗೆ 26 ಕಿಲೋ ಚೀಲ ಬಂತು! ತಂತ್ರಜ್ಞಾನ ಹಿಂಬಾಲಿಸುವುದು ತೆರಿಗೆಯನ್ನೇ ಹೊರತು ಕಾಳನ್ನಲ್ಲ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಸಣ್ಣ ವ್ಯಾಪಾರಿಗೆ ಕಂಪ್ಯೂಟರ್ ತಿಳಿವಳಿಕೆ ಸಾಲದು, ಅದಕ್ಕೇ ಹಿಂದೆ ಬಿದ್ದಿದ್ದಾನೆ ಎನ್ನುವವರಿದ್ದಾರೆ. 2016ರಲ್ಲಿ ಬಂದ ಯುಪಿಐ ಈ ವಾದವನ್ನು ಒಪ್ಪುವುದಿಲ್ಲ. ಯಾವ ಕಾನೂನೂ ಬಲವಂತ ಮಾಡದೆ ಅದು ಚಹಾದಂಗಡಿಗೂ ತಲುಪಿತು, ಏಕೆಂದರೆ ಹಣ ತಕ್ಷಣ ಕೈಸೇರುತ್ತದೆ. ಸಾಲವೂ ಡಿಜಿಟಲ್ ಆಗಿದೆಯಲ್ಲ ಎಂಬುದು ಇನ್ನೊಂದು ಆಕ್ಷೇಪ. ರಿಸರ್ವ್ ಬ್ಯಾಂಕಿನ ಟ್ರೆಡ್ಸ್ ವ್ಯವಸ್ಥೆಯಲ್ಲಿ ಸಣ್ಣ ಉದ್ದಿಮೆಯ ಬಾಕಿ ಬಿಲ್ಲಿನ ಮೇಲೆ ಹಣ ಸಿಗುವುದು ನಿಜ, ಆದರೆ ಆ ಬಿಲ್ಲನ್ನು ದೊಡ್ಡ ಕಂಪನಿಯೋ ಸರ್ಕಾರಿ ಸಂಸ್ಥೆಯೋ ಒಪ್ಪಿರಬೇಕು. ಇಲ್ಲಿನ ಮಿಲ್ಲಿನ ಗಿರಾಕಿ ಸಾಮಾನ್ಯವಾಗಿ ಇನ್ನೊಬ್ಬ ಸಗಟು ವ್ಯಾಪಾರಿ. ಇನ್ನು, ಬಿತ್ತನೆಗೆ ಮುಂಗಡ ಕೊಟ್ಟ ಅಡತಿಗೇ ಬೆಳೆ ಒಪ್ಪಿಸಬೇಕಾದ ರೈತನಿಗೆ ಪರದೆಯ ಮೇಲಿನ ಹೆಚ್ಚಿನ ದರ ಓದಿ ಬಿಡುವ ಸುದ್ದಿಯಷ್ಟೇ.

ಉದ್ದರಿಯನ್ನು ನೇರವಾಗಿ ಮುಟ್ಟುವ ಸಾಧನ 2017ರಲ್ಲಿ ಬಂದ ಎಲೆಕ್ಟ್ರಾನಿಕ್ ಉಗ್ರಾಣ ರಸೀದಿ. ನೋಂದಾಯಿತ ಗೋದಾಮಿನಲ್ಲಿಟ್ಟ ದಾಸ್ತಾನೇ ಬ್ಯಾಂಕ್ ಸಾಲಕ್ಕೆ ಅಡಮಾನವಾಗುವುದರಿಂದ ಸುಗ್ಗಿಯಲ್ಲೇ ಮಾರುವ ಒತ್ತಡ ಸಡಿಲವಾಗುತ್ತದೆ. ಅದಕ್ಕೆ ಮೊದಲು ಬೇಕಾದದ್ದು ಊರ ಹತ್ತಿರದ ಗೋದಾಮು, ನಂಬುವಂಥ ಗುಣಮಟ್ಟ ಪರೀಕ್ಷೆ. ಈ ಮೂರು ಊರುಗಳ ಡಿಜಿಟಲ್ ಚರಿತ್ರೆಯ ಮುಂದಿನ ಅಧ್ಯಾಯ ಮೊಬೈಲಿಗಿಂತ ಮೊದಲು ತೇವಮಾಪಕ ಮತ್ತು ತಕ್ಕಡಿಯ ಬಳಿ ಶುರುವಾಗಬೇಕಿದೆ.