ಕಲ್ಲುಹೂವಿನ ಋಣ

ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿಗೆ ಹೆಸರಾದ ಊರು. ಸಿದ್ದು ಹಲಸಿನ ಕೆಂದೊಳೆಗಳ ಕೀರ್ತಿ ಇಲ್ಲಿಂದಲೇ ನಾಡಿನ ಹೊರಗೂ ಹಬ್ಬಿದುದನ್ನು ತುಮಕೂರು ಸೀಮೆಯವರೆಲ್ಲರೂ ಬಲ್ಲರು. ಆದರೆ ಒಂದು ಊರಿನ ಚರಿತ್ರೆಯನ್ನು ಬರೆಯುವಾಗ ಅದು ಬೆಳೆದು ಕೊಟ್ಟುದರ ಜೊತೆಗೆ ಬೆಳೆಯದೆ ಪಡೆದುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ನ್ಯಾಯ. ಈ ಸೀಮೆಯ ಮನೆಗಳಲ್ಲಿ ಬಾಡಿನ ಸಾರಿಗೆ ಮಸಾಲೆ ಹುರಿಯುವಾಗ ಚಕ್ಕೆ ಲವಂಗಗಳೊಡನೆ ಚಿಟಿಕೆಯಷ್ಟು ಬಾಣಲೆಗೆ ಬೀಳುವ ಕಲ್ಲುಹೂವು ಅಂಥ ಪದಾರ್ಥ.

ಗ್ರಂಥಿಗೆ ಅಂಗಡಿಯಿಂದ ತಂದ ಕಲ್ಲುಹೂವನ್ನು ಅಂಗೈಯಲ್ಲಿ ಹರಡಿಕೊಂಡು ನೋಡಿದರೆ, ಮೇಲ್ಮೈ ಬೂದಿಯ ಬಣ್ಣ, ಕೆಳಮೈ ಇದ್ದಿಲಗಪ್ಪು, ಅಂಚೆಲ್ಲ ಸುರುಟಿದ ಹಗುರವಾದ ಚೂರುಗಳು ಕಾಣುವುವು. ಹಾಗೆಯೇ ಮೂಸಿದರೆ ಅಷ್ಟಾಗಿ ತಿಳಿಯದ ಗಂಧವು ಕಾದ ಎಣ್ಣೆ ಸೋಕಿದೊಡನೆ ಅಡುಗೆಮನೆಯನ್ನೆಲ್ಲ ತುಂಬುವುದು. ನಮ್ಮ ಪ್ರಾಚೀನ ವೈದ್ಯರು ಇದನ್ನು ಶೈಲೇಯವೆಂದು ಕರೆದು ಔಷಧದ್ರವ್ಯಗಳಲ್ಲಿ ಸೇರಿಸಿದ್ದರು. ಆದರೆ ಇದು ಒಂದೇ ಜೀವಿಯಲ್ಲ, ಶಿಲೀಂಧ್ರವೂ ಪಾಚಿಯೂ ಕೂಡಿ ಆದುದೆಂಬುದನ್ನು ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡನರ್ ಪ್ರತಿಪಾದಿಸಿದುದು 1860ರ ದಶಕದಲ್ಲಿ. ಈ ಕೂಡುಜೀವಿ ಬೆಳೆಯುವುದು ಬಹು ನಿಧಾನವಾಗಿ, ವರ್ಷಕ್ಕೆ ಕೆಲವೇ ಮಿಲಿಮೀಟರು. ಒಮ್ಮೆ ಕೆರೆದು ತೆಗೆದ ಮೇಲೆ ಮರದ ತೊಗಟೆಯನ್ನು ಇದು ಮತ್ತೆ ತುಂಬಿಕೊಳ್ಳಲು ಅನೇಕ ಮಳೆಗಾಲಗಳು ಕಳೆಯಬೇಕು.

ದೇವರಾಯನದುರ್ಗದ ಬಂಡೆಗಳ ಮೇಲೂ ಕಲ್ಲಿಗೆ ಕಚ್ಚಿಕೊಂಡ ಇದರ ದಾಯಾದಿಗಳನ್ನು ಕಾಣಬಹುದಾದರೂ, ಅಂಗಡಿಗೆ ಬರುವ ಎಲೆರೂಪದ ಕಲ್ಲುಹೂವು ಹಿಮಾಲಯದ ತಪ್ಪಲು, ಪಶ್ಚಿಮಘಟ್ಟ, ಬಿಳಿಗಿರಿರಂಗನ ಬೆಟ್ಟ ಮೊದಲಾದ ಕಾಡುಗಳ ಉತ್ಪನ್ನ. ಬಿಳಿಗಿರಿಯ ಸೋಲಿಗರು ಜೇನು, ನೆಲ್ಲಿ, ಸೀಗೆ, ಅಂಟುವಾಳಗಳಂತೆಯೇ ಇದನ್ನೂ ಸಂಗ್ರಹಿಸಿ ತಮ್ಮ ಲ್ಯಾಂಪ್ಸ್ ಸಹಕಾರ ಸಂಘದ ಮೂಲಕ ಮಾರುತ್ತಿದ್ದರು. 1974ರಲ್ಲಿ ಬೆಟ್ಟವು ವನ್ಯಧಾಮವಾದ ಮೇಲೆ ಕುಮರಿ ಬೇಸಾಯವನ್ನು ಕಳೆದುಕೊಂಡ ಆ ಜನಕ್ಕೆ ಈ ಕಿರು ಉತ್ಪನ್ನಗಳೇ ಜೀವನಾಧಾರವಾಗಿದ್ದುವು. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಬಂದ ತಿದ್ದುಪಡಿಯ ತರುವಾಯ ವ್ಯಾಪಾರಕ್ಕಾಗಿ ಸಂಗ್ರಹಿಸುವುದಕ್ಕೂ ತಡೆ ಬಿದ್ದಿತು. 2006ರ ಅರಣ್ಯ ಹಕ್ಕು ಕಾಯಿದೆಯ ಮೇರೆಗೆ ಅವರ ಸಾಮುದಾಯಿಕ ಹಕ್ಕುಗಳಿಗೆ ಮನ್ನಣೆ ದೊರೆತುದು 2011ರಲ್ಲಿ. ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವಾದುದೂ ಅದೇ ವರ್ಷ.

ಈ ವ್ಯಾಪಾರದಲ್ಲಿ ಅಡಗಿರುವ ಅಪಾಯವು ಸುಲಭವಾಗಿ ಕಣ್ಣಿಗೆ ಬೀಳುವಂಥದಲ್ಲ. ಧರಣಿಧರ ಅವಸ್ಥಿಯವರು 1965ರಲ್ಲಿ ಭಾರತ ಮತ್ತು ನೆರೆನಾಡುಗಳ ಕಲ್ಲುಹೂವುಗಳ ಸೂಚಿಯನ್ನು ಪ್ರಕಟಿಸಿದ ಮೇಲೆ ಶೋಧನೆ ಮುಂದುವರಿದು, ನಮ್ಮ ದೇಶದಲ್ಲಿ ಎರಡು ಸಾವಿರಕ್ಕೂ ಮಿಕ್ಕ ಪ್ರಭೇದಗಳಿರುವುದು ತಿಳಿದಿದೆ. ಅಂಗಡಿಯ ಮೂಟೆಯಲ್ಲಾದರೋ ಹಲವು ಪ್ರಭೇದಗಳು ಒಂದೇ ಹೆಸರಿನಲ್ಲಿ ಬೆರೆತಿರುತ್ತವೆ. ಸಾಮಾನ್ಯವಾದುದರ ಜೊತೆಗೆ ವಿರಳವಾದುದೂ ತೂಕಕ್ಕೆ ಸೇರಿ ಮಾರಾಟವಾಗಿಬಿಡುವುದು. ಭೂಗೋಳದ ಉತ್ತರಭಾಗದ ಶೀತವನಗಳ ಎರಿಯೋಡರ್ಮ ಪೆಡಿಸೆಲ್ಲೇಟಮ್ ಎಂಬ ಕಲ್ಲುಹೂವಿನ ಪ್ರಭೇದವು ಮರಗಳ ಕಡಿತಕ್ಕೂ ಗಂಧಕದ ಹೊಗೆಗೂ ಸಿಕ್ಕಿ ನಶಿಸತೊಡಗಿದುದನ್ನು ಅಲ್ಲಿಯವರು ಗುರುತಿಸಿದುದರಿಂದ, 2003ರಲ್ಲಿ ಅದು ಅಳಿವಿನಂಚಿನ ಜೀವಿಗಳ ಜಾಗತಿಕ ಕೆಂಪುಪಟ್ಟಿಗೆ ಸೇರಿತು. ಎಣಿಕೆಗೆ ಬಂದುದಕ್ಕೆ ರಕ್ಷಣೆಯನ್ನು ಬೇಡುವವರಾದರೂ ಇರುತ್ತಾರೆ. ಹೆಸರಿಲ್ಲದೆ ಮೂಟೆಗೆ ಸೇರಿದುದಕ್ಕೆ ಅದೂ ಇಲ್ಲ.

ಆದುದರಿಂದ ಕಲ್ಲುಹೂವಿನ ರಕ್ಷಣೆಯು ಅಡವಿಯ ಜನರನ್ನು ಹೊರಗಟ್ಟುವುದರಿಂದ ಆಗತಕ್ಕುದಲ್ಲ. ಯಾವ ಮರದಲ್ಲಿ ಎಷ್ಟು ಉಳಿದಿದೆಯೆಂಬುದನ್ನು ಕಂಡು ಹೇಳಬಲ್ಲವರು ಅವರೇ. ಅವರ ತಿಳಿವಳಿಕೆಯೂ ವಿಜ್ಞಾನಿಗಳ ಪರೀಕ್ಷೆಯೂ ಕೂಡಿ ಸಂಗ್ರಹಕ್ಕೊಂದು ಮಿತಿಯನ್ನು ಗೊತ್ತುಮಾಡಬೇಕು. ಹಳೆಯ ಮರಗಳನ್ನು ಉಳಿಸಬೇಕು. ಆ ಮಿತಿಯಿಂದ ಬೆಲೆ ಏರಿದರೆ ಅದನ್ನು ಸಂತೋಷದಿಂದ ತೆರುವುದು, ತಲೆಮಾರುಗಳಿಂದ ಆ ಪರಿಮಳವನ್ನುಂಡ ಬಯಲುಸೀಮೆಯವರಾದ ನಮ್ಮ ಕರ್ತವ್ಯ.